ಡಬ್ಬ

ಪಳನಿ ಗಾಡಿಯ ಕೆಳಗಿಂದಲೇ ಮಾತಾಡಿದ:
"ಕಿತ್ತು ಬಿಸಾಕೋಣ ಬಿಡಿ. ಇಪ್ಪತ್ತೆರಡು ಸಾವಿರ,
ಒಂದು ಮಧ್ಯಾಹ್ನದ ಕೆಲಸ. ಖಾಲಿ ಪೈಪು ಬೆಸೆದು
ಲ್ಯಾಪ್‌ಟಾಪು ಚುಚ್ಚಿ ಅದರ ತಲೆಗೆ ಹೇಳಿಬಿಡ್ತೀನಿ
ಡಬ್ಬ ಅನ್ನೋದೇ ಇರಲಿಲ್ಲ ಅಂತ."
ನಾಯಂಡಹಳ್ಳಿಯ ಆ ಶೆಡ್ಡಿನಲ್ಲಿ ನನಗೆ ಕಂಡದ್ದು
ಅವನ ಎರಡು ಹಿಮ್ಮಡಿ, ಒಂದು ಟಾರ್ಚಿನ ಬೆಳಕು.

ಮೂಲೆಯಲ್ಲಿ ಆಗಲೇ ಕಿತ್ತಿಟ್ಟ ಆರೇಳು ಡಬ್ಬ,
ಕತ್ತು ಕೊಯ್ದ ಹಾಲಿನ ಕ್ಯಾನಿನ ಹಾಗೆ.
ಒಂದರೊಳಗೆ ಬೆರಳಿಟ್ಟೆ. ಜೇನುಗೂಡಿನಂತೆ ಕಣ್ಣು ಕಣ್ಣು.
ಬೆರಳು ಕಾಡಿಗೆಯಾಯಿತು. ಪ್ಯಾಂಟಿಗೆ ಒರೆಸಿದೆ, ಹೋಗಲಿಲ್ಲ.
ಡೀಸೆಲ್ಲಲ್ಲಿ ತಿಕ್ಕಿದೆ, ಉಗುರಿನ ಸಂದಿಯಲ್ಲಿ ಉಳಿಯಿತು.

ಲೆಕ್ಕ ಹೀಗಿದೆ.
ಹೊಸ ಡಬ್ಬಕ್ಕೆ ಒಂದು ಲಕ್ಷದ ಹತ್ತು ಸಾವಿರ.
ಬ್ಯಾಂಕಿನ ಕಂತು ಇನ್ನೂ ಇಪ್ಪತ್ತೇಳು ಬಾಕಿ.
ತೊಳೆಸಿದರೆ ಒಂಬತ್ತು ಸಾವಿರ, ಎರಡು ದಿನ ಗಾಡಿ ನಿಲ್ಲಬೇಕು,
ಎರಡು ದಿನ ನಿಂತರೆ ಯಶವಂತಪುರದ ಈರುಳ್ಳಿ ಸಾಹುಕಾರ
ಇನ್ನೊಬ್ಬನ ನಂಬರು ಒತ್ತುತ್ತಾನೆ.
ಹೋದ ಮಂಗಳವಾರ ಗೊರಗುಂಟೆಪಾಳ್ಯದ ಸಿಗ್ನಲ್ಲಲ್ಲಿ
ಒಂದೂವರೆ ಟನ್ನು ಹೊತ್ತುಕೊಂಡೇ
ಎಂಜಿನ್ನು ಮುಷ್ಕರ ಹೂಡಿತು. ಎಷ್ಟು ತುಳಿದರೂ ಇಪ್ಪತ್ತೇ.
ಹಿಂದಿನಿಂದ ಹಾರ್ನು, ಪಕ್ಕದಿಂದ ಅಮ್ಮ ಅಕ್ಕ,
ಮೀಟರಿನಲ್ಲಿ ಆ ಕಿತ್ತಳೆ ದೀಪ
ಕರೆಯದೆ ಬಂದ ನೆಂಟನ ಹಾಗೆ ಆರಾಮಾಗಿ.

"ಇದು ಊರೊಳಗೆ ಬಾಳೋ ಸಾಮಾನಲ್ಲ," ಪಳನಿ ಹೊರಬಂದ.
"ಅರವತ್ತರ ಮೇಲೆ ಇಪ್ಪತ್ತು ನಿಮಿಷ ಓಡಿಸಿದರೆ
ತನ್ನ ಮಸಿ ತಾನೇ ಸುಟ್ಟುಕೊಳ್ಳುತ್ತೆ. ನೀವೇ ಹೇಳಿ,
ಬೆಂಗಳೂರಲ್ಲಿ ಇಪ್ಪತ್ತು ನಿಮಿಷ ಎಲ್ಲಿದೆ ಅರವತ್ತು?"
ನಕ್ಕೆ. ಅವನೂ ನಕ್ಕ, ಆಮೇಲೆ ಕೆಮ್ಮಿದ.
ಕೆಮ್ಮು ನಗುವಿಗಿಂತ ಉದ್ದವಿತ್ತು.
ಅದಕ್ಕೆ ನಾನು ಅರ್ಥ ಹಚ್ಚುವುದಿಲ್ಲ. ಬೀಡಿ ಸೇದುತ್ತಾನೆ.
"ಸರ್ಟಿಫಿಕೇಟು?" ಅಂದೆ.
"ಅದು ಕಾಗದ," ಅಂದ.

ಹೂಂ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ.
ಆದರೆ ಮಂಡಿಯ ಗೇಟಿನಲ್ಲಿ ಮುನಿವೆಂಕಟಮ್ಮ ಕೂರುತ್ತಾಳಲ್ಲ,
ಉದುರಿದ್ದು, ಮೊಳೆತದ್ದು ಆಯ್ದು ಗುಡ್ಡೆ ಹಾಕಿಕೊಂಡು,
ನಾನು ರಿವರ್ಸ್ ಹಾಕುವಾಗ ಅವಳೇ ಕೈ ಬೀಸುವುದು:
"ಬಾ, ಬಾ, ಬಾ, ಸಾಕು ನಿಲ್ಸಪ್ಪ, ಸೀರೆ ಮೇಲೆ ಹತ್ತಬೇಡ."
ಕೂತವಳ ಮುಖ, ನನ್ನ ಸೈಲೆನ್ಸರಿನ ಬಾಯಿ,
ಎರಡೂ ಒಂದೇ ಎತ್ತರ.
ನಾಲ್ಕು ವರ್ಷದಲ್ಲಿ ಇದನ್ನು ನೋಡಿದ್ದು ಮೊನ್ನೆ.

ಅದೇ ಗೇಟಿಗೆ ಬರುವ ಎಷ್ಟೋ ಲಾರಿಗಳಿಗೆ
ಡಬ್ಬವೇ ಇಲ್ಲ, ಅದೂ ಗೊತ್ತು.
ನನ್ನದೊಂದು ಕಿತ್ತರೆ ಅವಳಿಗೆ ತಿಳಿಯುವುದೂ ಇಲ್ಲ.
ಈ ಮಾತನ್ನು ಅವರೆಲ್ಲ ಒಬ್ಬೊಬ್ಬರೇ ಹೇಳಿಕೊಂಡಿರಬೇಕು.

ರಾತ್ರಿ ಎರಡಕ್ಕೆ ಎದ್ದೆ. ಯಶೋದೆ ಕಣ್ಣು ಬಿಡದೆ ಕೇಳಿದಳು:
"ಲೋಡಿದೆಯಾ?"
"ಇಲ್ಲ."
"ಮತ್ತೆ?"
"ಮಸಿ ಸುಡೋಕೆ."
ಮಗ್ಗುಲಾದಳು. ಹುಚ್ಚು ಎಂಬ ಮಾತನ್ನೂ ದಂಡ ಮಾಡಲಿಲ್ಲ.

ಪೀಣ್ಯದ ಮೇಲ್ಸೇತುವೆ ಹತ್ತಿ, ಖಾಲಿ ಗಾಡಿ, ಎಂಬತ್ತು.
ಹಿಂದೆ ಟಾರ್ಪಾಲು ಪಟಪಟ.
ಏನೂ ಸಾಗಿಸದೆ ಟೋಲು ಕಟ್ಟಿದೆ.
ನೆಲಮಂಗಲ ದಾಟಿದ ಮೇಲೆ ಕಾಲಡಿಯಿಂದ ಕಾವು, ಕಮಟು ವಾಸನೆ,
ದಾಬಸ್‌ಪೇಟೆ ಹತ್ತಿರ ದೀಪ ಆರಿತು.
ಯಾರಿಗಾದರೂ ಹೇಳಬೇಕೆನಿಸಿತು. ಟೀ ಅಂಗಡಿಯವನಿಗೆ ಹೇಳಿದೆ.
"ಸಕ್ಕರೆ ಹಾಕಲಾ?" ಅಂದ.

ಮಸಿ ಸುಡುತ್ತೆ, ಬೂದಿ ಸುಡೋಲ್ಲ,
ಪಳನಿ ಮೊದಲೇ ಎಚ್ಚರಿಸಿದ್ದ. ಬೂದಿ ಒಳಗೇ ಕೂರುತ್ತೆ.
ಒಂದಿನ ಕೈ ಹಾಕಲೇಬೇಕು.
ಅವನ ನಂಬರು ಅಳಿಸಿಲ್ಲ.

ಬರುವಾಗ ಜಾಲಹಳ್ಳಿ ಕ್ರಾಸಿನಲ್ಲಿ ಆಗಲೇ ಸಾಲು.
ಮೊದಲ ಗೇರು. ಎರಡನೆಯದು. ಮತ್ತೆ ಮೊದಲ.
ಕಣ್ಣು ಮೀಟರಿನ ಮೇಲೆ.