ಮೊದಲ ವಾಕ್ಯ

ಗುರುವಾರ ಹನ್ನೆರಡಕ್ಕೆ
ಹಳೆಯ ಡೈರಿ ಲ್ಯಾಬಿನ ಮೂರನೇ ಮಹಡಿ.
ಕಿಟಕಿಯಾಚೆ ಸಸ್ಕಟೂನಿನ ಮೈನಸ್ ಮೂವತ್ತೊಂದು.
ಕೆಳಗೆ ಕಾರುಗಳೆಲ್ಲ ಮೂಗುದಾರದಂಥ ವೈರು ಇಳಿಬಿಟ್ಟು
ಕರೆಂಟು ಕಂಬಕ್ಕೆ ಕಟ್ಟಿಸಿಕೊಂಡು ನಿಂತಿವೆ,
ಎಂಜಿನ್ನು ಹೆಪ್ಪುಗಟ್ಟದಿರಲಿ ಎಂದು.
ನಾವೂ ಹೆಚ್ಚುಕಡಿಮೆ ಅದಕ್ಕೇ ಬರುತ್ತೇವೆ.

ಪಶುವೈದ್ಯ ಕಾಲೇಜಿನಿಂದ ನಾನು, ಲಾರ್ನ್ ಫ್ರೀಸೆನ್.
ಲೈಬ್ರರಿಯಿಂದ ಒಕ್ಸಾನಾ, ಊಟದ ಡಬ್ಬಿಯ ಸಮೇತ.
ಸಂಬಳ ವಿಭಾಗದ ಡೆಲ್ಬರ್ಟ್, ಉಸಿರಿಗೊಮ್ಮೆ ಗಡಿಯಾರ ನೋಡುವವನು.
ಎಂಜಿನಿಯರಿಂಗಿನ ಅರ್ಲೀನ್ ವಾಸಕೇಸ್,
ಈ ಕೋಣೆಯ ಬೀಗದ ಕೈ ಇಟ್ಟುಕೊಂಡವಳು.
ಯಾರೂ ಮೇಷ್ಟರಲ್ಲ ಇಲ್ಲಿ. ಯಾರ ಹೆಸರೂ ಎತ್ತುವಂತಿಲ್ಲ.
ವಾರದಲ್ಲಿ ಎಡವಿದವರು ಮೊದಲು ಬಾಯಿ ಬಿಡಬೇಕು.

ನಮ್ಮ ಕೆಲಸಕ್ಕೆ ಪುಸ್ತಕವಿಲ್ಲವೆಂದಲ್ಲ,
ತಲೆದಿಂಬಿಗೆ ಆಗುವಷ್ಟು ದಪ್ಪದ್ದಿದೆ.
ಅದರಲ್ಲಿ ಇಲ್ಲದ್ದು ಇಷ್ಟೇ:
ಇಪ್ಪತ್ತಾರು ವರ್ಷ ಬಾಯ್ಲರು ಕಾಯ್ದವನು
ಪತ್ರ ಓದಿ ಮುಗಿಸಿ
ಕನ್ನಡಕ ಒರೆಸುತ್ತ ಒರೆಸುತ್ತ ಕೂತಾಗ
ನಮ್ಮ ಕೈ ಎಲ್ಲಿಡಬೇಕು ಎನ್ನುವುದು.

ಒಮ್ಮೆ ಒಕ್ಸಾನಾ ಕೇಳಿದಳು:
ಸಾವಿನ ರಜೆ ತಾಯಿಗೆ ಐದು ದಿನ, ಚಿಕ್ಕಮ್ಮನಿಗೆ ಒಂದು.
ಸಾಕಿದವಳು ಚಿಕ್ಕಮ್ಮನೇ ಆದರೆ?
ನಾನು ನಿಯಮದ ಸಂಖ್ಯೆ ಹೇಳಿದೆ. ಬಾಯಿಪಾಠವಿತ್ತು.
ಅರ್ಲೀನ್ ಹೇಳಿದಳು: ನಮ್ಮ ಕ್ರೀ ಮಾತಿನಲ್ಲಿ
ಚಿಕ್ಕಮ್ಮನ ಹೆಸರಿನೊಳಗೇ ಅಮ್ಮ ಇದ್ದಾಳೆ,
ನಿನ್ನ ಫಾರಮ್ಮಿನೊಳಗೆ ಯಾಕಿಲ್ಲ?
ಡೆಲ್ಬರ್ಟ್ ಗಡಿಯಾರ ನೋಡುವುದನ್ನು ಮರೆತ.
ಮರುವರ್ಷ ಆ ಫಾರಮ್ಮಿನಲ್ಲಿ
ಒಂದು ಸಾಲು ಹೆಚ್ಚಾಯಿತು.

ಕುರ್ಚಿ ಎದುರುಬದುರು ಹಾಕಿ
ಕೆಟ್ಟ ಸುದ್ದಿ ಹೇಳುವುದನ್ನು ಕಲಿಸಿದವಳೂ ಅವಳೇ.
ನಾನು ಕೆಲಸ ಕಳಕೊಳ್ಳುವವಳು, ನೀನು ಹೇಳುವವನು. ಶುರುಮಾಡು.
ಇವತ್ತು ಚಳಿ ಜಾಸ್ತಿ, ಅಂದೆ.
ಹವಾಮಾನ ಬೇಡ. ಮತ್ತೆ.
ನಿಮಗೇ ಗೊತ್ತಿರುವ ಹಾಗೆ ಬಜೆಟ್ಟು...
ಗೊತ್ತಿಲ್ಲ. ಮತ್ತೆ.
ಮೊದಲ ವಾಕ್ಯದಲ್ಲೇ ಹೇಳಿಬಿಡು, ಲಾರ್ನ್,
ಆಮೇಲಿನದು ಯಾರಿಗೂ ಕೇಳಿಸುವುದಿಲ್ಲ.
ಹದಿನೇಳು ಸಲ ಅವಳ ಕೆಲಸ ತೆಗೆದೆ ಆ ದಿನ.
ಹದಿನೆಂಟನೆಯದಕ್ಕೆ ಒಕ್ಸಾನಾ ಚಪ್ಪಾಳೆ ತಟ್ಟಿದಳು.

ಮಾರ್ಚಿಯಲ್ಲಿ ಪಟ್ಟಿ ಬಂತು.
ತಮ್ಮ ವಿಭಾಗದವರಿಗೆ ತಾವೇ ಕೊಡಬಾರದು ಎಂದು
ಲಕೋಟೆಗಳನ್ನು ಅದಲುಬದಲು ಹಂಚಿದ್ದರು.
ನನ್ನ ಪಾಲಿಗೆ ಮೂರು.
ಮೂರನೆಯದರ ಮೇಲಿನ ಹೆಸರು
ಎರಡು ಸಲ ಓದಿದರೂ ಬದಲಾಗಲಿಲ್ಲ.

ಅವಳ ಕೋಣೆ. ಬಾಗಿಲ ಬಳಿ ತಟ್ಟೆಯಲ್ಲಿ ಬೂಟು,
ಅದರಡಿ ಕರಗುತ್ತಿದ್ದ ಹಿಮದ ಕೊಳೆನೀರು.
ಹದಿನೆಂಟು ಸಲ ಪಳಗಿದ ನಾಲಗೆ ಹೇಳಿತು:
ಇವತ್ತು ಪರವಾಗಿಲ್ಲ, ಸ್ವಲ್ಪ ಬಿಸಿಲಿದೆ.

ಪೆನ್ನು ಕೆಳಗಿಟ್ಟಳು.
ಕಿಟಕಿಯ ಕಡೆ ತಿರುಗಲೂ ಇಲ್ಲ.
ಲಾರ್ನ್, ಅಂದಳು,
ಮೊದಲ ವಾಕ್ಯ.

ಹೇಳಿದೆ.

ಆ ಗುರುವಾರ ಬರಲಾರಳು ಅಂದುಕೊಂಡಿದ್ದೆವು.
ಬಂದಳು, ಬೀಗ ತೆಗೆದಳು, ತನ್ನ ಕುರ್ಚಿಯಲ್ಲೇ ಕೂತಳು.
ನಾನು ಬಾಯಿ ಬಿಡುವ ಮೊದಲೇ, ಹೆಸರು ಎತ್ತದೆ,
ಕತೆ ಹೇಳುವವರ ಹಾಗೆ ಶುರುಮಾಡಿದಳು:
ಒಬ್ಬ ಬಂದಿದ್ದ. ಒಬ್ಬಳು ಕೂತಿದ್ದಳು.
ಬಿಸಿಲಿನ ಮಾತು ದಂಡ. ಆಮೇಲಿನದು ಚೆನ್ನಾಗಿತ್ತು.
ಲಕೋಟೆಯನ್ನು ಮೇಜಿನ ಮೇಲೆ ತಳ್ಳಿದ,
ಹಾಗೆ ಮಾಡಬಾರದು, ಕೈಗೇ ಕೊಡಬೇಕು.
‘ವಿಷಾದ’ ಎನ್ನುವ ಮಾತು ಮೂರು ಸಲ ಬಂತು, ಒಂದು ಸಾಕು.

ಎಲ್ಲರೂ ಬರೆದುಕೊಂಡರು.
ನನ್ನ ತಪ್ಪನ್ನು ನನ್ನದೇ ಅಕ್ಷರದಲ್ಲಿ ನಾನೂ.

ಅವನ ಕೈ? ಅಂತ ಕೇಳಿದೆ.
ನಡುಗುತ್ತಿತ್ತು, ಅಂದಳು. ಅದನ್ನು ಬರೆದುಕೊಳ್ಳಬೇಡಿ.

ಒಕ್ಸಾನಾಳ ಪೆನ್ನು ಅರ್ಧಕ್ಕೆ ನಿಂತಿತು.
ಒಂದು ಗಂಟೆಗೆ, ಎಂದಿನಂತೆ, ಡೆಲ್ಬರ್ಟ್ ಮೊದಲು ಎದ್ದ.
ಮುಂದಿನ ತಿಂಗಳಿಗೆ ಕೋಣೆ... ಎಂದು ಯಾರೋ ತೊದಲಿದರು.
ಅವಳು ಕೊರಳಪಟ್ಟಿಯಿಂದ ಬೀಗದ ಕೈ ಬಿಡಿಸತೊಡಗಿದಳು.
ಒಂಬತ್ತು ವರ್ಷದ ಬಳೆ, ಬಿಗಿಯಾಗಿತ್ತು,
ಉಗುರು ತಾಗುತ್ತಿರಲಿಲ್ಲ.
ಬಿಡಿಸುವ ತನಕ
ಕೋಟು ಹಾಕಿಕೊಂಡೇ ನಿಂತಿದ್ದೆವು.