ಕೂಗುಪದ

ಶನಿವಾರ ಎಂಟಕ್ಕೆ ಅಂಗಡಿಯ ಶಟರು ಅರ್ಧ ಎಳೆದು
ದುರ್ಗಿಗುಡಿಯ ಗದ್ದಲವನ್ನು ಮೊಣಕಾಲಿನಷ್ಟು ಮಾತ್ರ
ಒಳಗೆ ಬಿಟ್ಟುಕೊಂಡು
ಚಾರ್ಜಿಗಿಟ್ಟ ಬ್ಯಾಟರಿಗಳ ನಡುವೆ ಚಾಪೆ ಹಾಸುತ್ತೇನೆ.
ಆ್ಯಸಿಡ್ಡಿನ ಹುಳಿ ವಾಸನೆ, ಮಂಡಕ್ಕಿ,
ಒಂದು ಫ್ಲಾಸ್ಕು ಕಷಾಯ.

ತಾಳಮದ್ದಲೆಯ ಹಾಗೆ ಇದೂ ಕೂತು ಆಡುವ ಆಟ.
ತಾಳದ ಬದಲು ದಾಳ.
ಭಾಗವತ ನಾನು. ರಾಕ್ಷಸರು ನಾನು,
ಬೀಗ ನಾನು, ಬಾವಿಯ ನೀರೂ ನಾನೇ.

ಫಾಜಿಲಾ ಕೋರ್ಟಿನಲ್ಲಿ ಟೈಪಿಸ್ಟು, ಇಲ್ಲಿ ಮಾಂತ್ರಿಕಳು.
ನಿಯಮದ ಪುಸ್ತಕ ಅವಳಿಗೆ ಬಾಯಿಪಾಠ,
ಅಲ್ಪವಿರಾಮ ಸಹಿತ.
ಕ್ಲೆಮೆಂಟ್ ಮೇಷ್ಟ್ರು ಡ್ರಿಲ್ ಕಲಿಸುವವರು,
ಕೊರಳಿನ ಸ್ಟಾಪ್‌ವಾಚು ಬಿಚ್ಚಿದ್ದು ನಾನು ಕಂಡಿಲ್ಲ.
ಟೀಕೇಶ ಡೈರಿಯಲ್ಲಿ ಹಾಲಿನ ಫ್ಯಾಟು ಅಳೆಯುತ್ತಾನೆ.
ಇಲ್ಲಿ ಕಳ್ಳ.
ಮಾತು ಕಡಿಮೆಯ ವೇಷ ಬೇಕೆಂದು ಅವನೇ ಆರಿಸಿಕೊಂಡದ್ದು.

ಸತ್ತ ಕಾವಲುಗಾರನ ಮುಷ್ಟಿಯಲ್ಲಿ ಅವನಿಗೊಂದು ಕೋಲು ಸಿಕ್ಕಿತು.
(ನಿಜವಾದ ಕೋಲೂ ಇದೆ. ಸೊರಬದ ಗುಡಿಗಾರ ಗೆಳೆಯ
ಶಿವನೆ ಮರದಲ್ಲಿ ಕೆತ್ತಿ, ತುದಿಗೊಂದು
ಓತಿಕ್ಯಾತ ಕೂರಿಸಿದ್ದಾನೆ.)
ವಸ್ತುವಿನೊಳಗಿನ ಮಂತ್ರ ವಸ್ತುವಿನದು, ಅಂದಳು ಫಾಜಿಲಾ.
ನೀನು ಕಲಿತಿರಬೇಕಿಲ್ಲ,
ನಿನ್ನ ಗಂಟಿನಿಂದ ಕಾಸು ಬಿಚ್ಚಬೇಕಿಲ್ಲ,
ಬಾವಲಿಯ ಹಿಕ್ಕೆ, ಗಂಧಕ, ಬೆರಳ ಮುದ್ರೆ, ಬಾಯಿ
ಯಾವುದೂ ಬೇಡ.
ಮಾಡಿಟ್ಟವನು ಎಂದೋ ಎಲ್ಲವನ್ನೂ ತೆತ್ತಿದ್ದಾನೆ.
ಏಳು ಚಾರ್ಜು. ಬೆಳಗಾದರೆ ಒಂದಿಷ್ಟು ಮರಳಿ ತುಂಬುತ್ತದೆ.
ಕೊನೆಯದನ್ನೂ ಸುರಿದೆಯೋ,
ಇಪ್ಪತ್ತು ಮುಖದ ದಾಳ ಉರುಳಿಸು.
ಒಂದು ಬಿದ್ದರೆ ಕೋಲು ಬೂದಿ.

ನನಗಿದನ್ನು ಬಿಡಿಸಿ ಹೇಳಬೇಕಿರಲಿಲ್ಲ.
ತಳ ಕಂಡ ಬ್ಯಾಟರಿ ಮತ್ತೆ ಏಳುವುದು
ಹದಿನೈದು ವರ್ಷದಿಂದ ನಾನು ನೋಡುತ್ತಿರುವ ದಾಳ.

ಬಾಯಿ ಬೇಡ ಅಂದಾಗ ಟೀಕೇಶನ ಮುಖ ನೋಡಬೇಕಿತ್ತು.
ಮೂರು ಶನಿವಾರ ಅವನು ಕೋಲು ಎತ್ತಿದ, ಅಷ್ಟೇ.
ಬೀಗಗಳೇ ಬಾಯಿ ಬಿಟ್ಟವು.

ನಾಲ್ಕನೆಯ ವಾರ ಫಾಜಿಲಾ ನನ್ನ ನೋಟ್‌ಬುಕ್ಕಿನ ಪುಟ ತಿರುಗಿಸಿ ನಿಂತಳು.
ಮಂತ್ರಕ್ಕೆ ಮಾತು ಬೇಡ, ಸರಿ.
ಈ ಕೋಲಿಗೆ ಕೂಗುಪದ ಅಂತ ಬರೆದಿದ್ದೀರಲ್ಲ?
ಅದು ಮಂತ್ರ ಅಲ್ಲ, ಬೀಗದ ಕೈ. ಹೇಳಲೇಬೇಕು.
ಹೌದು, ಬರೆದವನು ನಾನೇ,
ಟೀಕೇಶ ಆಟಕ್ಕೆ ಸೇರುವ ಮುಂಚೆ, ಸುಮ್ಮನೆ, ಬಸ್ಸಿನಲ್ಲಿ ಕೂತು:
ತೆರೆದುಕೋ.
ತಕಾರ ಅವನಿಗೆ ಮುಳ್ಳು.

ಸೊಂಟದವರೆಗೆ ನೀರು. ಕಬ್ಬಿಣದ ಕದ. ಕೊನೆಯ ಚಾರ್ಜು.
ಓತಿಕ್ಯಾತವನ್ನು ಕದದ ಕಡೆ ಹಿಡಿದು
ತ, ಅಂದ.
ತ.
ತ.
ಒಂದು ಸರದಿಗೆ ಆರು ಸೆಕೆಂಡು. ಮೇಷ್ಟ್ರ ಹೆಬ್ಬೆರಳು
ಆಗಲೇ ವಾಚಿನ ಮೇಲಿತ್ತು, ಅಭ್ಯಾಸ, ಕೆಟ್ಟತನವಲ್ಲ.
ಮೂರು ತ ಆಯ್ತು, ಮೂರು ಚಾರ್ಜು ಕಳೀಲಾ?
ನಗಿಸಲು ಹೋಗಿ ಹೀಗಂದವನು ನಾನು.
ಬೇರೆ ಯಾರ ಹೆಸರನ್ನೂ ಇಲ್ಲಿ ಹಾಕಲಾರೆ.

ಬ್ಯಾಟರಿಗಳು ಗುಂಯ್ ಎನ್ನುತ್ತಿದ್ದವು.
ಫಾಜಿಲಾ ಪುಸ್ತಕವನ್ನು ನನ್ನ ಕಡೆ ತಳ್ಳಿದಳು.
ಪದ ನುಡಿಯಬೇಕು ಅಂತಿದೆ.
ಎಷ್ಟು ಹೊತ್ತಲ್ಲಿ ಅಂತ ಎಲ್ಲಿದೆ, ತೋರ್ಸಿ.
ಸರದಿಗೆ ಆರು ಸೆಕೆಂಡು, ಅಂದೆ.
ಅದು ಹೊಡೆದಾಟಕ್ಕೆ. ಈ ಕದ ಏನು ನಮ್ಮನ್ನ ಹೊಡೀತಿದೆಯಾ?
ಮೇಷ್ಟ್ರು ವಾಚನ್ನು ಕೊರಳಿಂದ ತೆಗೆದು
ಮಂಡಕ್ಕಿ ಡಬ್ಬಿಯ ಮೇಲೆ ಮಗುಚಿಟ್ಟರು.

ಕಾದೆವು.
ಶಟರಿನ ಕೆಳಗೆ ಯಾರದೋ ಚಪ್ಪಲಿ ನಿಂತು, ಹೋಯಿತು.
ನೀರು ಏರಲಿಲ್ಲ.
ನೀರು ನಾನೇ ಅಲ್ಲವೇ, ನಿಂತಿದ್ದೆ.

ತೆರೆದುಕೋ, ಎಂದ.
ತೆರೆದುಕೊಂಡಿತು.

ಇನ್ನು ಬೂದಿಯ ದಾಳ.
ಖುಷಿಗೆ ಜೋರಾಗಿ ಎಸೆದನೋ ಏನೋ, ಚಾಪೆ ದಾಟಿ
ಲಾರಿ ಬ್ಯಾಟರಿಗಳ ಸಂದಿಗೆ ಉರುಳಿತು.
ಕೆನ್ನೆಯನ್ನು ನೆಲಕ್ಕೊತ್ತಿ, ಮೊಬೈಲಿನ ಬೆಳಕು ಬಿಟ್ಟು
ಟೀಕೇಶ ಇಣುಕಿದ.
ಅವನೊಬ್ಬನಿಗೇ ಕಾಣುವುದು.
ಎಷ್ಟು ಬಿತ್ತು?

ಒಂ, ಅಂದ.
ಒಂದೋ, ಒಂಬತ್ತೋ.
ಒಂ.
ಯಾರೂ ಆ ಪದವನ್ನು
ಅವನಿಗೆ ಮುಗಿಸಿಕೊಡಲಿಲ್ಲ.