ಏರುವ ಎಣ್ಣೆ

ಪರದೆ ಹೇಳುತ್ತದೆ:
ಎಣ್ಣೆಯ ಆಯುಷ್ಯ ಇನ್ನೂ ನೂರಕ್ಕೆ ಅರವತ್ತೊಂದು.
ಪರದೆಗೆ ಮೂಗಿಲ್ಲ.

ಆರ್ವಿಡ್ ತನ್ನ ಮೂಗು ಹೊತ್ತು ಬಂದ,
ಎರಡು ಮೈಲಿ ಹಿಮ ತುಳಿದು.
ಕೆನಡಾದಿಂದ ಮೊಂಟಾನಾಕ್ಕೆ ಇಳಿಯುವ ಗಾಳಿಗೆ
ನಮ್ಮ ಮುಳ್ಳುತಂತಿ ಬೇಲಿಯೊಂದೇ ಅಡ್ಡ,
ಅದರಲ್ಲೂ ಎರಡೆಳೆ ಕಡಿದಿದೆ.

"ಹೊಸದು ಅಂತ ಬಾನೆಟ್ಟೇ ಎತ್ತಿಲ್ಲ ಅಲ್ವಾ?"
ನಾನು ಎತ್ತಿರಲಿಲ್ಲ.
ಸಮನೆಲದ ಮೇಲೆ ನಿಲ್ಲಿಸು, ಎಂಜಿನ್ ಆರಿಸು,
ಹತ್ತು ನಿಮಿಷ ಎಣ್ಣೆ ಕೆಳಗಿಳಿಯಲಿ, ಅಂದ.
ಹತ್ತು ನಿಮಿಷ ನಾವಿಬ್ಬರೂ ಮಾತಾಡಲಿಲ್ಲ,
ಅವನು ಕೆಮ್ಮಿದ್ದು ಬಿಟ್ಟರೆ.

ಕಡ್ಡಿ ಎಳೆದು, ಒರೆಸಿ, ಇಳಿಸಿ, ಮತ್ತೆ ಎಳೆದ.
ಮೇಲಿನ ಗೆರೆ ದಾಟಿ
ಒಂದು ಉಗುರಿನಷ್ಟು ಮೇಲೆ.

ಹಳೆಯ ಗಾಡಿ ಎಣ್ಣೆ ಕುಡಿಯುತ್ತಿತ್ತು,
ಸಾವಿರ ಮೈಲಿಗೊಂದು ಕ್ವಾರ್ಟ್,
ತಪ್ಪದೆ ಚರ್ಚಿಗೆ ಬರುವ ಕುಡುಕನ ಹಾಗೆ.
ನಾನು ಸುರಿಯುತ್ತಿದ್ದೆ, ಅದು ನಡೆಯುತ್ತಿತ್ತು,
ಇಪ್ಪತ್ತಾರು ವರ್ಷ ನಮ್ಮ ನಡುವೆ ಲೆಕ್ಕ ಚುಕ್ತಾ.
ಇದು ಕುಡಿಯುವುದಿಲ್ಲ. ಇದು ಕೂಡಿಡುತ್ತದೆ.

"ಕಮ್ಮಿಯಾದ್ರೆ ಸುರೀಬಹುದು," ಅಂದ ಆರ್ವಿಡ್,
"ಜಾಸ್ತಿಯಾದ್ರೆ ಏನ್ ಮಾಡ್ತೀಯ?"
ಕಡ್ಡಿಯ ತುದಿ ನನ್ನ ಮೂಗಿನ ಕೆಳಗೆ ಹಿಡಿದ.
ಎಣ್ಣೆಯೊಳಗೆ ಡೀಸೆಲ್ ವಾಸನೆ.
ಎರಡು ಬೆರಳ ನಡುವೆ ಉಜ್ಜಿದೆ,
ಚಹಾದಷ್ಟು ತೆಳ್ಳಗೆ.

ಆಮೇಲೆ ಕೈಪಿಡಿ ಓದಿದೆ, ಕನ್ನಡಕ ಏರಿಸಿ.
ಈ ಗಾಡಿ ತನ್ನ ಮಸಿಯನ್ನು ತಾನೇ ಜರಡಿ ಹಿಡಿದಿಟ್ಟುಕೊಳ್ಳುತ್ತದೆ.
ತುಂಬಿದಾಗ ಹೆಚ್ಚು ಇಂಧನ ಚಿಮ್ಮಿಸಿ, ಕಾವೇರಿಸಿ,
ಸುಟ್ಟು ಹಾಕುತ್ತದೆ. ಅದಕ್ಕೆ ಅರ್ಧ ಗಂಟೆ ಓಟ ಬೇಕು.
ನಾನು ಅಂಚೆ ಕಚೇರಿಗೆ ಮೂರು ಮೈಲಿ ಹೋಗುತ್ತೇನೆ,
ಹಿಂದಿರುಗಿ ಕೀಲಿ ತಿರುಗಿಸುತ್ತೇನೆ.
ಪ್ರತಿ ಸಲವೂ ಅದು ಮಾತಿನ ನಡುವೆ ಬಾಯಿ ಮುಚ್ಚುತ್ತದೆ.
ಆಡದೆ ಉಳಿದದ್ದು ಸಿಲಿಂಡರಿನ ಗೋಡೆಯಿಂದ ಜಾರಿ
ಕೆಳಗಿನ ತೊಟ್ಟಿಗೆ ಸೇರುತ್ತದೆ.

ಎಳೆಯುವುದಕ್ಕೆಂದೇ ಕೊಂಡದ್ದು ಇದನ್ನು.
ಇಪ್ಪತ್ತನಾಲ್ಕು ಅಡಿ ಟ್ರೇಲರ್, ಹದಿನೈದು ಕರು,
ಬಿಲ್ಲಿಂಗ್ಸ್ ಸಂತೆಗೆ ಏರುದಾರಿ.
ಜೂನ್‌ನಲ್ಲಿ ಗಾಡಿ ಬಂತು,
ಆಗಸ್ಟಿನಲ್ಲಿ ಹುಲ್ಲುಗಾವಲಿನ ಗುತ್ತಿಗೆ ಬೇರೆಯವರ ಪಾಲಾಯಿತು,
ಅಕ್ಟೋಬರಿನಲ್ಲಿ ದನ ಹೋದವು.
ಬೇರೆಯವರ ಟ್ರಕ್ಕಿನಲ್ಲಿ.

ಶೆಡ್ಡಿನಲ್ಲಿ ಪ್ರೊಪೇನ್ ಒಲೆ ಹಚ್ಚಿ
ಕೆಳಗೆ ನುಸುಳಿದೆ. ಬೆನ್ನಿಗೆ ರಟ್ಟು, ರಟ್ಟಿಗೆ ಮಂಜುಗಡ್ಡೆ.
ನಟ್ಟು ಸಡಿಲವಾದದ್ದೇ ತಡ
ಬಿಸಿ ಎಣ್ಣೆ ಮೊಣಕೈವರೆಗೆ ಇಳಿದು
ಅಂಗಿಯ ತೋಳಿನೊಳಗೆ ದಾರಿ ಹುಡುಕಿತು.
ಬೈದೆ. ಬೈಗುಳವೂ ಹೊಸ ಗಾಡಿಯಲ್ಲಿ ಇದೇ ಮೊದಲು.
ಹನ್ನೆರಡು ಕ್ವಾರ್ಟಿನ ಲೆಕ್ಕಕ್ಕೆ
ಹದಿಮೂರರ ಹತ್ತಿರ ಬಿತ್ತು ಬಾನಿಗೆ.

ಹೊಸ ಫಿಲ್ಟರಿನ ರಬ್ಬರ್ ಬಳೆಗೆ
ಬೆರಳಿನಿಂದ ಎಣ್ಣೆ ಸವರಿದೆ,
ಕೈಯಿಂದ ಬಿಗಿದೆ, ಪಾನಾ ಮುಟ್ಟಲಿಲ್ಲ.
ತಾಮ್ರದ ಹೊಸ ವಾಷರ್.
ಸುರಿದ ಎಣ್ಣೆ ಜೇನಿನ ಬಣ್ಣಕ್ಕಿತ್ತು,
ಇಷ್ಟು ಚೆಂದದ್ದನ್ನು
ಕತ್ತಲೆಗೆ ಕಳಿಸುವುದು ಹೇಗೆ ಅನಿಸಿತು,
ಕಳಿಸಿದೆ.

"ಈಗ ದೂರ ಹೋಗು," ಅಂದ ಆರ್ವಿಡ್.
ಎಲ್ಲಿಗೆ ಅಂತ ಅವನು ಹೇಳಲಿಲ್ಲ.
ನಾನೂ ಕೇಳಲಿಲ್ಲ.

ಹಿಂದೆ ಟ್ರೇಲರ್ ಇಲ್ಲದೆ ಪೂರ್ವಕ್ಕೆ ಹೊರಟೆ,
ಹೈವೇ ಎರಡು, ಧಾನ್ಯದ ಗೋಪುರಗಳು ಒಂದೊಂದೇ ಹಿಂದೆ ಸರಿದವು.
ಮೂವತ್ತನೇ ಮೈಲಿಗೆ ಬೆಂದ ವಾಸನೆ ಒಳಗೆ ಬಂತು,
ಅಭ್ಯಾಸದಿಂದ ಕಾಲು ಬ್ರೇಕಿನ ಕಡೆ ಹೋಯಿತು.
ಬೇಡ, ಮುಗಿಸಲಿ, ಅಂದೆ.
ಮಾಲ್ಟಾ ಊರಿನಲ್ಲಿ ಕಾಫಿ ಕುಡಿದೆ, ಕಹಿಯಿತ್ತು.
ಪೆಟ್ರೋಲ್ ಬಂಕಿನ ಹುಡುಗಿ ಕೇಳಿದಳು,
ಏನು ಸಾಗಿಸ್ತಿದ್ದೀರಿ?
ಮಸಿ, ಅಂದೆ. ನಕ್ಕಳು.

ಹಿಂದಿರುಗಿ, ಹತ್ತು ನಿಮಿಷ ಕಾದು, ಕಡ್ಡಿ ಎಳೆದೆ.
ಸರಿಯಾಗಿ ಗೆರೆಯ ಮೇಲೆ.
ಬೆಳಗಿನ ಜೇನು ಆಗಲೇ ಕಾಡಿಗೆ.
ಆರ್ವಿಡ್‌ಗೆ ಫೋನ್ ಮಾಡಿದೆ: ಕಪ್ಪಾಗಿದೆಯಲ್ಲ?

"ಡೀಸೆಲ್ ಕಣೋ ಅದು," ಅಂದ,
"ಕೆಲಸ ಮಾಡಿದೆ."